ಎಣ್ಣೆ ಬದಲಿಸಿದ ದಿನಗಳು

ಗುತ್ತಲು ರಸ್ತೆಯಲ್ಲಿ ಇನಾಯತ್‌ನ ಗ್ಯಾರೇಜು.
ಹಲಗೆಯಿಲ್ಲ, ಹೊಂಗೆಮರವೇ ಗುರುತು.
ಬಾನೆಟ್ ಎತ್ತಿ, ಕಡ್ಡಿ ಎಳೆದು,
ಬನಿಯನ್ನಿನ ತುದಿಗೆ ಒರೆಸಿ, ಮತ್ತೆ ಅದ್ದಿ,
ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ
ತಿಕ್ಕಿ ತಿಕ್ಕಿ ನೋಡುತ್ತಾನೆ,
ಆಲೆಮನೆಯಲ್ಲಿ ಪಾಕದ ಹದ ನೋಡುವ ಹಾಗೆ.

ಹೋದ ಸಲದಿಂದ ಏಳು ಸಾವಿರದ ಇನ್ನೂರು ಓಡಿದೆ.
ಕಂಪನಿ ಪುಸ್ತಕದಲ್ಲಿ ಹದಿನೈದು ಸಾವಿರ ಅಂತ ಅದೆಯಲ್ಲ, ಅಂದೆ.
ನಕ್ಕ.
'ಪುಸ್ತಕ ಬರೆದೋನು
ಫ್ಯಾಕ್ಟ್ರಿ ಗೇಟತ್ರ ಕಬ್ಬಿನ ಗಾಡಿ ಹಿಂದೆ
ಎರಡು ಗಂಟೆ ನಿಂತಿದ್ನಾ ಅಣ್ಣ?
ಮೀಟ್ರು ನಿಂತಿತ್ತು. ಇಂಜಿನ್ನು ನಿಂತಿತ್ತಾ?'

ನಿಜ.
ಚಿನಕುರಳಿಯಿಂದ ಅಚ್ಚುಬೆಲ್ಲ, ತೂಕ ಎಷ್ಟೆಂದು
ಆರ್‌ಟಿಒ ಇಲ್ಲದ ಕಡೆ ಮಾತ್ರ ಹೇಳುತ್ತೇನೆ.
ನಾಲೆ ಏರಿಯ ಮೇಲೆ ಎರಡನೇ ಗೇರು,
ಮುಂದಿನ ಟ್ರಾಕ್ಟರಿನ ಧೂಳೆಲ್ಲ ನಮಗೆ.
ಮೀಟರು ಬರೆದುಕೊಳ್ಳದ್ದನ್ನು
ಎಣ್ಣೆ ಬರೆದುಕೊಳ್ಳುತ್ತದೆ.

ಮೊದಲ ವರ್ಷ ಅವನ ಜೊತೆ ಜಗಳ.
ಸೋಮವಾರ ಜೇನಿನ ಬಣ್ಣದ್ದು ಹಾಕಿಸಿದೆ,
ಬುಧವಾರ ಕಡ್ಡಿ ಎಳೆದರೆ ಕಾಡಿಗೆ.
ಕಲಬೆರಕೆ ಅಂತ ಬೀದಿಗೆಲ್ಲ ಕೇಳುವಂತೆ ಕೂಗಾಡಿ
ತರಿಸಿದ್ದ ಟೀ ಕುಡಿಯದೆ ಬಂದಿದ್ದೆ.
ಆಮೇಲೊಂದು ದಿನ ಅವನೇ ಹೇಳಿದ:
'ಕೊಪ್ಪರಿಗೇಲಿ ಬೆಂಡೆ ಲೋಳೆ ಬಿಡ್ತೀರಲ್ಲ,
ಮಡ್ಡಿ ಮೇಲಕ್ಕೆ ಬತ್ತದೆ, ಎತ್ತಿ ಎಸೀತೀರ.
ಇಲ್ಲಿ ಎತ್ತೋರು ಯಾರವ್ರೆ?
ಇದು ಮಸೀನ ಮೇಲಕ್ಕೂ ಬುಡಲ್ಲ, ತಳಕ್ಕೂ ಬುಡಲ್ಲ,
ಹೊಟ್ಟೇಲಿ ಇಟ್ಕೊಂಡೇ ತಿರುಗ್ತದೆ.
ಡೀಸೆಲ್ ಗಾಡೀಲಿ ತಿಂಗಳಾದ್ರೂ ಎಣ್ಣೆ ತಿಳಿಯಾಗೇ ಅದೆ ಅಂದ್ರೆ
ಕೆಲಸ ಕದೀತಾ ಅದೆ ಅಂತ.'

ಹಾಗಾದರೆ ಯಾವಾಗ ಬದಲಿಸಬೇಕು?
'ಹೊಟ್ಟೆ ತುಂಬೋಕೆ ಸ್ವಲ್ಪ ಮುಂಚೆ.'

ಕೆಂಚಶೆಟ್ಟಿಯ ಅಂಗಡಿಯಲ್ಲಿ ಡ್ರಮ್ಮಿನ ಎಣ್ಣೆ ಅರ್ಧ ರೇಟು.
ಪಂಪ್‌ಸೆಟ್ಟಿಗೂ ಆಯ್ತದೆ, ಪಿಕಪ್ಪಿಗೂ ಆಯ್ತದೆ ಅನ್ನುತ್ತಾನೆ.
ನಾನು ಕನ್ನಡಕ ಹಾಕಿ ಡಬ್ಬಿಯ ಬೆನ್ನು ಓದುತ್ತೇನೆ:
ಹದಿನೈದು ಡಬ್ಲ್ಯೂ ನಲವತ್ತು.
ಅದರ ಕೆಳಗೆ ಸಣ್ಣಕ್ಷರದಲ್ಲಿ ಸಿಐ ಫೋರ್.
'ಲಗ್ನಪತ್ರಿಕೆ ಓದ್ದಂಗೆ ಓದ್ತೀಯಲ್ಲಪ್ಪ!'
ಆರು ಲೀಟರು, ಒಂದು ಫಿಲ್ಟರು. ಚೌಕಾಸಿ ಫಿಲ್ಟರಿಗೆ ಮಾತ್ರ.

ಗಾಡಿ ನನಗೆ ಮೂರನೇ ಕೈ.
ಮೊದಲು ಮಳವಳ್ಳಿ ಕಡೆ ಯಾರದೋ ಆಗಿತ್ತು.
ಡ್ಯಾಶಿನ ಡಬ್ಬಿ ತೆರೆದರೆ ಮುಚ್ಚಳದ ಒಳಗೆ
ಹಸಿರು ಸ್ಕೆಚ್ ಪೆನ್ನಿನಲ್ಲಿ, ಕನ್ನಡ ಅಂಕಿಯಲ್ಲಿ,
ಒಂದರ ಕೆಳಗೊಂದು:
೮,೦೦೦
೧೬,೧೦೦
೨೪,೦೦೦
೩೧,೯೫೦
ಗುಂಡಗಿನ ಬರಹ, ಸೊನ್ನೆಗಳು ಮಣಿ ಪೋಣಿಸಿದ ಹಾಗೆ.
ಎಂಟು ಸಾವಿರವೇ ಸರಿಯೆಂದು
ಆ ಕೈಗೆ ಯಾರು ಹೇಳಿದ್ದರೋ.

ಆಮೇಲೆ ಖಾಲಿ.
ಆಮೇಲೆ ಬೇರೆ ಯಾರೋ, ಬಾಲ್‌ಪೆನ್ನಿನಲ್ಲಿ, ಇಂಗ್ಲಿಷ್ ಅಂಕಿ:
68,400. ಅಷ್ಟೆ.

ಕೊಂಡ ವಾರ ಇನಾಯತ್ ಅಡಿಗೆ ಹೋಗಿ ನಟ್ಟು ಬಿಚ್ಚಿದಾಗ
ಎಣ್ಣೆ ಸುರಿಯಲಿಲ್ಲ, ಜಾರಿತು,
ಆರಿದ ಅಂಬಲಿಯ ಹಾಗೆ, ದಪ್ಪಗೆ, ಮನಸ್ಸಿಲ್ಲದೆ.
ಮುಚ್ಚಳ ತೋರಿಸಿದೆ. ಬಗ್ಗಿ ನೋಡಿದ.
ಬಯ್ಯುತ್ತಾನೆ ಅಂದುಕೊಂಡೆ.
'ಮನೇಲಿ ಏನೋ ಆಗಿರ್ಬೇಕು ಕಣಣ್ಣ' ಅಂದ
ಕೈ ಒರೆಸಿಕೊಳ್ಳುತ್ತ.

ಆರ್‌ಸಿ ಕಾರ್ಡಿನ ಝೆರಾಕ್ಸಿನಲ್ಲಿ ಹೆಸರಿದೆ, ಊರಿದೆ.
ಹಲಗೂರಿಗೆ ಲೋಡು ಹೋದಾಗ ಎರಡು ಸಲ
ಆ ತಿರುವಿನಲ್ಲಿ ಗಾಡಿ ನಿಧಾನ ಮಾಡಿದ್ದೇನೆ.
ಹೋಗಿ ಏನಂತ ಕೇಳುವುದು?
ಎಣ್ಣೆ ಯಾಕೆ ಬದಲಿಸಲಿಲ್ಲ ಅಂತಲೇ?

ಇವತ್ತು ೧,೦೪,೬೦೦.
ಕನ್ನಡ ಅಂಕಿಯಲ್ಲೇ ಬರೆಯುತ್ತೇನೆ,
ನನ್ನ ಸೊನ್ನೆ ಅಷ್ಟು ಗುಂಡಗಿಲ್ಲ.
ನಡುವಿನ ಖಾಲಿ ಜಾಗ ಬಿಟ್ಟಿದ್ದೇನೆ,
ಜವರ ಅಲ್ಲಿ ದೇವರ ಸ್ಟಿಕ್ಕರ್ ಅಂಟಿಸಲು ಹೋದಾಗ
ಬೇಡ ಅಂದೆ.

ಹಳೆ ಎಣ್ಣೆ ಕ್ಯಾನಿನಲ್ಲಿ ಅವನ ಮನೆಗೆ,
ಕೊಟ್ಟಿಗೆ ಕಂಬದ ಬುಡಕ್ಕೆ, ಗೆದ್ದಲಿಗೆ.
ಸೀಟಿಗೆ ಹತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ.
ಕೆಳಗಿಡೋ, ಇನ್ನೂ ಬಿಸಿ ಅದೆ.