ನೀರು ತುಂಬುವ ರಾತ್ರಿ

ಈ ವರ್ಷ ನಮಗೆ ಹಬ್ಬವಿಲ್ಲ.
ಹಾಗಂತ ಅತ್ತೆ ಫೋನಿನಲ್ಲಿ ಹೇಳಿದರು, ನಾದಿನಿ ಹೇಳಿದಳು,
ಮೂಲೆ ಅಂಗಡಿಯ ಶೆಟ್ಟರೂ ಕೇಳದೆಯೇ
ಚೀಟಿಯಲ್ಲಿ ಕಡಲೆಹಿಟ್ಟು ಹೊಡೆದುಹಾಕಿದರು.

ಆದರೆ ಶ್ರೀರಾಂಪುರದ ನಮ್ಮ ಅಡ್ಡರಸ್ತೆಗೆಲ್ಲ ಹಬ್ಬ.
ಮಂಚದ ಮೇಲೆ, ಅವರು ಮಲಗುತ್ತಿದ್ದ ಕಡೆ,
ನಲವತ್ತೊಂದು ರವಿಕೆ ಬಟ್ಟೆ ಗುಡ್ಡೆ ಬಿದ್ದಿವೆ.
ಒಂದೊಂದಕ್ಕೂ ಗುಂಡುಸೂಜಿಯಲ್ಲಿ ಚುಚ್ಚಿದ ಚೀಟಿ:
ತೋಳು ಒಂಬತ್ತು, ಬೆನ್ನು ಆಳ, ಹಿಂದೆ ದಾರ, ದಾರಕ್ಕೆ ಗೊಂಡೆ.
"ಅಕ್ಕಾ, ನಾಳೆ ಸಂಜೆಗೆ ಬೇಕೇ ಬೇಕು" ಅನ್ನುತ್ತಾರೆ.
ಆಮೇಲೆ ನೆನಪಾಗಿ ದನಿ ತಗ್ಗಿಸುತ್ತಾರೆ,
"ನಿಮಗೆ ಆದರೆ ಮಾತ್ರ."
ಆ ತಗ್ಗಿದ ದನಿಯೇ ನನಗಾಗದು.
ಜೋರಾಗಿ ಬಯ್ಯಿರಮ್ಮಾ,
ಕೊಕ್ಕೆ ಓರೆ, ಕಂಕುಳು ಬಿಗಿ, ಇದೇನು ಹೊಲಿಗೆಯಾ ಅನ್ನಿ.

ಆಷಾಢದಲ್ಲಿ, ಡಿಪೋದಿಂದ ಬಂದು ಷೂ ಬಿಚ್ಚುತ್ತ ಕೂತವರು
ಎರಡನೇ ಷೂ ಬಿಚ್ಚಲಿಲ್ಲ.
ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ.

ಖಾಕಿ ಅಂಗಿ ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿದೆ.
ಮೊನ್ನೆ ಜೇಬಿಗೆ ಕೈ ಹಾಕಿದರೆ ಒಂದು ಟಿಕೆಟ್ಟು,
ಹಿಂದೆ ಅವರದೇ ಸೊಟ್ಟ ಬರಹದಲ್ಲಿ: ಏಳು ರೂಪಾಯಿ.
ಚಿಲ್ಲರೆ ಇಲ್ಲದಾಗ ಹೀಗೆ ಬರೆದು
"ಇಳಿಯುವಾಗ ಇಸ್ಕೊಳ್ಳಿ" ಅನ್ನುತ್ತಿದ್ದರಂತೆ.
ಬರೆದವರು ಕೊಡುವುದ ಮರೆತರೋ,
ಯಾರೋ ದುಡ್ಡು ಪಡೆದು ಟಿಕೆಟ್ಟು ತಿರುಗಿಸಿದರೋ,
ಯಾರನ್ನು ಕೇಳಲಿ?
ಮೆಷಿನ್ನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗೆ ಇಟ್ಟೆ.

ನಾಳೆ ಬೆಳಗಾದರೆ ನರಕ ಚತುರ್ದಶಿ.
ಸಂಜೆಯಿಂದ ಬೀದಿಯುದ್ದ ಹಂಡೆ ಉಜ್ಜುವ ಸದ್ದು,
ಮೋರಿಯಲ್ಲಿ ಹುಣಸೆಹಣ್ಣಿನ ಕಂದು ನೀರು.
ನಮ್ಮ ಹಂಡೆ ಅಟ್ಟದ ಮೇಲೆ, ಬೋರಲು.

ಕಾವೇರಿ ಬರುವುದು ದಿನ ಬಿಟ್ಟು ದಿನ, ರಾತ್ರಿ ಎರಡೂವರೆಗೆ.
ಕೊನೆಯ ರವಿಕೆಗೆ ಕೊಕ್ಕೆ ಹಾಕುತ್ತಿದ್ದೆ. ನಲ್ಲಿ ಕೆಮ್ಮಿತು.
ಮೊದಲು ಗಾಳಿ, ಆಮೇಲೆ ತುಕ್ಕಿನ ಬಣ್ಣ, ಆಮೇಲೆ ನೀರು.
ಪಕ್ಕದ ಮನೆಯ ಸಲೋಮಿ ಬಿಂದಿಗೆಯಲ್ಲೇ ಬಾಗಿಲು ಬಡಿದಳು,
"ಏನ್ರೀ ಕೂತಿದೀರಾ, ನಾಲ್ಕಕ್ಕೆ ನಿಂತೋಗುತ್ತೆ!"
ಹಬ್ಬದ ಮಾತಾಡಲಿಲ್ಲ ಅವಳು, ದುಃಖದ ಮಾತೂ ಆಡಲಿಲ್ಲ,
ನೀರಿನ ಮಾತಾಡಿದಳು.
ತಾನೇ ಕುರ್ಚಿ ಹತ್ತಿ ಹಂಡೆ ಇಳಿಸಿದಳು,
ಒಳಗಿದ್ದ ಜಿರಳೆಗೆ ಬೆಳಗಿನ ಜಾವದ ನಮಸ್ಕಾರ ಹೇಳಿ.

ತಳದಲ್ಲಿ ಢಣಢಣ,
ಅರ್ಧಕ್ಕೆ ಬಂದಾಗ ಗಂಟಲು ಕಟ್ಟಿದವರ ದನಿ,
ಕೊರಳಿಗೆ ಬಂದಾಗ ಸದ್ದೇ ಇಲ್ಲ.
ಸುಣ್ಣ ಬಳಿಯಲಿಲ್ಲ, ಬಳ್ಳಿ ಸುತ್ತಲಿಲ್ಲ.
ತುಂಬಿತು, ಅಷ್ಟೇ.

ಐದಕ್ಕೆ ಮೊದಲ ಪಟಾಕಿ. ನಾಯಿಗಳೆಲ್ಲ ನನ್ನ ಮೆಟ್ಟಿಲ ಕೆಳಗೆ.
ಎದುರುಮನೆಯ ಎಂಟು ವರ್ಷದ ಕಾಂಚನಾ
ಕಿವಿಯಿಂದ ಎಣ್ಣೆ ಸೋರಿಸುತ್ತ, ಹೊಸ ಲಂಗ ಎತ್ತಿ ಹಿಡಿದು ಬಂದು ನಿಂತಳು:
"ಜೇಬೇ ಇಟ್ಟಿಲ್ಲ ನೀನು! ಸುರುಸುರುಬತ್ತಿ ಎಲ್ಲಿಡಲಿ?"
ದನಿ ತಗ್ಗಿಸದೆ, ಸೊಂಟಕ್ಕೆ ಕೈಯಿಟ್ಟು.

ಗಿಳಿಹಸಿರು ರೇಷ್ಮೆ. ಅದರದೇ ತುಂಡು ಬುಟ್ಟಿಯಲ್ಲಿ ಇದ್ದೇ ಇತ್ತು.
ಆದರೂ ಕೈ ಮೊಳೆಗೆ ಹೋಯಿತು.
ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ.
ಅವಸರವಿಲ್ಲದೆ, ನೋಯದ ಹಾಗೆ.
ನಾಣ್ಯಗಳ ಭಾರಕ್ಕೆ ಜೋಲುಬಿದ್ದ ಖಾಕಿ ಜೇಬು
ಲಂಗದ ಬಲಕ್ಕೆ ಕೂತಿತು. ಒಪ್ಪಲಿಲ್ಲ. ಚೂರೂ ಒಪ್ಪಲಿಲ್ಲ.
ಅವಳಮ್ಮ ಇವತ್ತು ನನ್ನನ್ನು ಜೋರಾಗಿಯೇ ಬಯ್ಯುತ್ತಾಳೆ.

ಕಾಂಚನಾ ಜೇಬಿಗೆ ಮೊಣಕೈವರೆಗೆ ಕೈ ಇಳಿಸಿ ನೋಡಿದಳು.
"ಎಷ್ಟಾಯ್ತು?"
"ಏಳು ರೂಪಾಯಿ" ಅಂದುಬಿಟ್ಟೆ.
"ಚಿಲ್ಲರೆ ಇಲ್ಲ" ಅಂದು ಓಡಿದಳು.

ನಗು ಬಂತು. ಎಷ್ಟು ದಿನವಾಗಿತ್ತೆಂದರೆ
ಅದೂ ನಲ್ಲಿಯ ಹಾಗೆ ಮೊದಲು ಕೆಮ್ಮಿಯೇ ಬಂತು.

ಹಂಡೆಯ ನೀರಿನಲ್ಲಿ ಬಾಗಿಲ ಬೆಳಕು ಅಲುಗುತ್ತಿತ್ತು.
ಒಲೆ ಹಚ್ಚಿದೆ.
ಎಣ್ಣೆಯ ಬಟ್ಟಲು ಎಲ್ಲಿಟ್ಟಿದ್ದೆನೋ, ಹುಡುಕುತ್ತಿದ್ದೇನೆ.