ಹಿಡಿ

ಕೊನೆಯ ಸ್ಟಾಪಿನಲ್ಲಿ ಬಸ್ಸು ಗುಡಿಸುವಾಗ ಸಿಕ್ಕಿತ್ತು,
ಹಿಂದಿನ ಸೀಟಿನಡಿ, ಒದ್ದೆ ಛತ್ರಿಯೊಂದರ ಪಕ್ಕ,
ಏಳನೇ ನಂಬರಿನ ಕಬ್ಬಿಣದ ಕೋಲು.
ಬಿಟ್ಟುಹೋದ ಸಾಮಾನಿನ ಕಪಾಟಿನಲ್ಲಿ ಆರು ತಿಂಗಳು ನಿಂತಿತು.
ಛತ್ರಿಗೆ ಒಡೆಯರು ಬಂದರು. ಒಂಟಿ ಕೈಗವುಸಿಗೂ,
ಹಲ್ಲಿನ ಸೆಟ್ಟಿಗೂ ಬಂದರು. ಇದಕ್ಕೆ ಯಾರೂ ಬರಲಿಲ್ಲ.
ಡಿಪೋದ ಕಾನೂನು: ಆರು ತಿಂಗಳಾದರೆ ಸಿಕ್ಕವರದೇ.

ಹಾಗೆ ಗಾಲ್ಫು ನನ್ನ ಪಾಲಿಗೆ ಬಂತು, ಐವತ್ತೆರಡನೇ ವಯಸ್ಸಿಗೆ.

ಮೊರೇ ಕೊಲ್ಲಿಯ ಈ ಊರಲ್ಲಿ ಇದೇನೂ ಸಾಹೇಬರ ಆಟವಲ್ಲ.
ಗುಡ್ಡದ ಮೂತಿಯ ಮೇಲೆ ಒಂಬತ್ತು ಕುಳಿ,
ಕುರಿ ಮೇಯ್ದು ಬಿಟ್ಟಷ್ಟು ಹುಲ್ಲು,
ದುಡ್ಡು ಹಾಕಲು ಒಂದು ತಗಡಿನ ಡಬ್ಬಿ.
ಬಲೆ ಹೆಣೆಯುವವರು, ಮೀನು ಸೀಳುವವರು, ಪಾದ್ರಿಯ ಹೆಂಡತಿ
ಎಲ್ಲರೂ ಹೊಡೆಯುತ್ತಾರೆ. ನಾನೊಬ್ಬಳು ಹೊಡೆದಿರಲಿಲ್ಲ.

ಹೇಳಿಕೊಡುತ್ತೇನೆಂದ ಗಿಬ್ ಮೇರ್,
ಇಪ್ಪತ್ತು ವರ್ಷದಿಂದ ನನ್ನ ಬೆಳಗಿನ ಬಸ್ಸು ಹತ್ತುವವನು.
ಪಾಸು ತೋರಿಸುವ ಎಡಗೈಯಲ್ಲಿ ನಾಲ್ಕೇ ಬೆರಳು;
ಕಿರುಬೆರಳನ್ನು ದೋಣಿಯ ಹಗ್ಗದ ರಾಟೆ ತಿಂದದ್ದು
ಅವನಿಗೆ ಹತ್ತೊಂಬತ್ತಾದಾಗ.
'ಉಳಿದವು ದೊಡ್ಡವು, ಸಾಕು,' ಅನ್ನುತ್ತಾನೆ.

'ಹಿಡಿ' ಅಂದ. ಹಿಡಿದೆ.
'ಇದು ಸ್ಟಿಯರಿಂಗ್ ಅಲ್ಲ, ರೋನಾ.'
ಬಿಟ್ಟೆ. ಮತ್ತೆ ಹಿಡಿದೆ.
'ಗಂಡನ ಕಾಲರೂ ಅಲ್ಲ.'

ಎಡಗೈ ಮೊದಲು. ಅಂಗೈಯಲ್ಲಲ್ಲ, ಬೆರಳ ಬುಡದಲ್ಲಿ
ಓರೆಯಾಗಿ ಮಲಗಬೇಕು ಕೋಲು.
ಮುಚ್ಚಿದ ಮೇಲೆ ಕಣ್ಣಿಗೆ ಬೀಳಬೇಕಾದ್ದು ಎರಡು ಗೆಣ್ಣು:
ಮೂರು ಕಂಡರೆ ಚೆಂಡು ಎಡಕ್ಕೆ, ಸಮುದ್ರಕ್ಕೆ;
ಒಂದೇ ಕಂಡರೆ ಬಲಕ್ಕೆ, ಚರ್ಚಿನ ಗೋರಿಗಳಿಗೆ.
ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಕವಲು
ಬಲಭುಜವನ್ನು ನೋಡುತ್ತಿರಲಿ.
ಬಲಗೈಯ ಕಿರುಬೆರಳು ಎಡಗೈಯ ಮೇಲೆ ಹತ್ತಿ ಕೂರಲಿ,
ಸೀಟು ಸಿಗದ ಮಗು ತಾಯಿಯ ತೊಡೆಯ ಮೇಲೆ ಕೂತ ಹಾಗೆ.
(ಈ ಹೋಲಿಕೆ ನನ್ನದು. ಅವನು ಬೆರಳನ್ನು ಎತ್ತಿ ಇಟ್ಟ, ಅಷ್ಟೆ.)

ಕ್ಲಬ್ಬಿನ ಕಾರ್ಯದರ್ಶಿ ಹಾದುಹೋಗುತ್ತ ನಿಂತು ಹೇಳಿದ:
'ಹಕ್ಕಿಮರಿ ಹಿಡಿದ ಹಾಗೆ ಹಿಡಿಯಬೇಕು.'
ಅವನು ಹೋದ ಮೇಲೆ ಗಿಬ್ ಉಗುಳಿದ.
'ಹಕ್ಕಿಮರಿ ಹಿಡಿದಿದ್ದೀಯಾ ನೀನು?
ಹ್ಯಾಡಕ್ ಹಿಡಿದಿದ್ದೀಯಲ್ಲ? ಹಸಿ ಮೀನು?'
ಹಿಡಿದಿದ್ದೆ. ಅಮ್ಮನ ಸೀಳುವ ಮೇಜಿನ ಮುಂದೆ, ಎಂಟು ವರ್ಷದವಳು.
ಬಿಗಿದಷ್ಟೂ ಜಾರುತ್ತದೆ; ಸಡಿಲ ಬಿಟ್ಟರೆ ನೆಲಕ್ಕೆ.
ಕೈಗೆ ಗೊತ್ತಿತ್ತು ಅದು. ತಲೆ ಮರೆತಿತ್ತು.

ಮೂರು ಭಾನುವಾರ ಚೆಂಡೇ ಇಲ್ಲ. ಬರೀ ಹಿಡಿ, ಬಿಡು, ಹಿಡಿ.
ಗಾಳಿ ಕಿವಿ ತಿರುಚುತ್ತಿತ್ತು.
ಮನೆಯಲ್ಲಿ ಪೊರಕೆ ಹಿಡಿದರೂ ಗೆಣ್ಣು ಎಣಿಸಿದೆ.
ಕೆಂಪು ದೀಪದಲ್ಲಿ ಸ್ಟಿಯರಿಂಗಿನ ಮೇಲಿನ ಕೈ ನೋಡಿಕೊಂಡೆ:
ಎಷ್ಟು ವರ್ಷದಿಂದ ಹೀಗೆ ಬೆಳ್ಳಗೆ ಬಿಗಿದಿದ್ದೆ,
ಈ ಮೂವತ್ತು ಮೈಲಿಯ ದಾರಿ
ಕಟ್ಟು ಬಿಚ್ಚಿಕೊಂಡು ಓಡಿಹೋದೀತು ಎಂಬಂತೆ!

ನಾಲ್ಕನೇ ಭಾನುವಾರ ಬೆರಳುಗಳು ತಾವೇ ಹೋಗಿ ಕೂತವು.
ಆಗ ತಿಳಿಯಿತು, ಹಿಡಿಯ ರಬ್ಬರು ಸವೆದಿದೆ:
ಹೆಬ್ಬೆರಳ ಜಾಗದಲ್ಲಿ ತಗ್ಗು,
ಉಂಗುರಬೆರಳ ಜಾಗದಲ್ಲಿ ಕನ್ನಡಿ ನುಣುಪು;
ಯಾರದೋ ಸಾವಿರ ಸಂಜೆ ನನ್ನ ಬೆರಳಿಗೆ ಅಳತೆ ಕೊಡುತ್ತಿತ್ತು.
ತುತ್ತತುದಿಯಲ್ಲಿ, ಎಡ ಕಿರುಬೆರಳಿನಡಿ ಮಾತ್ರ
ಗೀರುಗಳು ಇನ್ನೂ ಚೂಪು,
ಅಂಗಡಿಯಿಂದ ತಂದ ದಿನದಷ್ಟು ಒರಟು.

ತಲೆಯೆತ್ತಿದೆ. ಗಿಬ್ ಸಮುದ್ರ ನೋಡುತ್ತಿದ್ದ,
ಎರಡೂ ಕೈ ಕೋಟಿನ ಜೇಬಿನಲ್ಲಿ.
ಕಳೆದ ಚಳಿಗಾಲದಿಂದ ಭುಜ ಮೇಲೇಳುವುದಿಲ್ಲ ಅವನಿಗೆ;
ಪಾಸನ್ನೂ ಸೊಂಟದ ಹತ್ತಿರವೇ ತೋರಿಸುತ್ತಾನೆ.

'ಗಿಬ್, ಈ ಕೋಲು...' ಅಂದೆ.
'ಗೆಣ್ಣು ಎಷ್ಟು?' ಅಂದ.
'ಎರಡು.'
'ಹಾಗಾದರೆ ಹೊಡಿ.'

ಹೊಡೆದೆ. ಚೆಂಡು ಮೇಲೇಳಲೇ ಇಲ್ಲ; ಹುಲ್ಲು ಕೆರೆದುಕೊಂಡು
ಮೊಲದಂತೆ ಓಡಿ ಹಳದಿ ಹೂವಿನ ಮುಳ್ಳುಪೊದೆ ಹೊಕ್ಕಿತು.
'ಹಿಡಿ ಸರಿಯಿತ್ತು,' ಅಂದ ಅವನು,
ಆಗಲೇ ಪೊದೆಯ ಕಡೆ ಹೆಜ್ಜೆ ಹಾಕುತ್ತ.