ಲೈನ್ ಕ್ಲಿಯರ್

ಉದ್ದ ಹನ್ನೊಂದು ಅಡಿ, ಅಗಲ ಎಂಟು.
ಟೇಪು ಹಿಡಿಯಲಿಲ್ಲ.
ಕಂಬ ಹತ್ತುವ ಹಗ್ಗ ಇತ್ತಲ್ಲ,
ಅದನ್ನೇ ಬಂಡೆಯ ಮೇಲೆ ಸುತ್ತ ಹಾಸಿ
ನಡುವೆ ಒಮ್ಮೆ ಮಲಗಿದೆ, ಕಾಲು ನೀಡಿ,
ತಲೆದೆಸೆಗೆ ಒಂದು ಬಿಂದಿಗೆ ಇಟ್ಟು
ಇಷ್ಟು ಸಾಕು ಅಂದೆ.

ಗೋನೂರು ದಾಟಿ, ಸೀತಾಫಲದ ಮಟ್ಟಿಗಳ ನಡುವೆ
ಅಪ್ಪನಿಂದ ನನಗಿಳಿದ ನಾಲ್ಕು ಗುಂಟೆ.
ಅದರಲ್ಲಿ ಮೂರೂವರೆ ಬರೀ ಕಲ್ಲು.
ಬಿತ್ತಲು ಬಾರದ್ದು, ಮಾರಲು ಹೋಗದ್ದು.
"ಆನೆ ಮಲಗಿದಂಗೈತೆ, ಎಬ್ಬಿಸಬ್ಯಾಡ"
ಅಂತಿದ್ದಳು ಅವ್ವ.
ಎಬ್ಬಿಸಲಿಲ್ಲ. ಅದರ ಬೆನ್ನ ಮೇಲೇ ಕೂತೆ.

ಪಂಚಾಯ್ತಿಯಲ್ಲಿ ನಾಗವೇಣಿ ಮೇಡಂ, ಕಂಪ್ಯೂಟರಿನ ಮುಂದೆ:
ಪಾಯ ಎಷ್ಟು ಆಳ?
ಬಂಡೆಯೇ ಪಾಯ ಮೇಡಂ, ನನಗಿಂತ ಮುಂಚೆ ಯಾರೋ ಹಾಕಿದ್ದಾರೆ.
ನಲ್ಲಿ?
ದೊಣೆ ಇದೆ, ಒಂದು ಒಳ್ಳೆ ಮಳೆ ಬಿದ್ದರೆ ಐದು ತಿಂಗಳು.
ಆರ್.ಆರ್. ನಂಬರು?
ಇಲ್ಲ.
ಹಾಕಿಸ್ಕೊಳ್ಳಿ ಮತ್ತೆ.
ಬೇಡ.

ಆಗ ತಲೆ ಎತ್ತಿದರು.
"ಮೂವತ್ತೆರಡು ವರ್ಷ ಊರೂರಿಗೆ ಲೈನ್ ಎಳೆದೋರು
ನೀವೇ ಅಲ್ವಾ ಗಾದ್ರಪ್ಪ?"
"ಅದಕ್ಕೇ ಬೇಡ ಮೇಡಂ."
ನಂಬರಿಲ್ಲದೆ ಪರದೆ ಮುಂದಕ್ಕೆ ಹೋಗಲೊಲ್ಲದು.
ಎರಡು ಸಲ ಒತ್ತಿ ನೋಡಿ, ಉಸಿರು ಬಿಟ್ಟು,
"ಹಂಗಾದ್ರೆ ಇದು ಮನೆಯೇ ಅಲ್ಲ ಬಿಡಿ.
ಕುರಿ ಕಾಯೋರ ಗುಡ್ಲು ಅನ್ಕೊಳ್ಳಿ.
ಗುಡ್ಲಿಗೆ ಯಾರು ಕೇಳ್ತಾರೆ?"
ಕಾನೂನು ಏನನ್ನುತ್ತದೋ ನಾನರಿಯೆ.
ಮನೆಯಲ್ಲ ಅಂದದ್ದಷ್ಟೇ ಕಿವಿಯಲ್ಲಿಟ್ಟುಕೊಂಡು
ಸೈಕಲ್ ಹತ್ತಿದೆ.

ಸಣ್ಣ ಯಲ್ಲಪ್ಪ ಚಪ್ಪಡಿ ಸೀಳಿಕೊಟ್ಟ.
ಉಳಿಯ ಸಾಲಿಗೆ ನೀರು ಹನಿಸಿ, ಕಿವಿಯಿಟ್ಟು,
"ಒಡೆಯೋಕೆ ಮುಂಚೆ ಒಂದ್ ಮಾತಾಡ್ತದೆ, ಕೇಳು" ಅಂದ.
ನನಗೇನೂ ಕೇಳಲಿಲ್ಲ.
ತೊಲೆಗೆ ಗುಜರಿಯ ಕ್ರಾಸ್ ಆರ್ಮು,
ಬಾಗಿಲಿಗೆ ಕೇಬಲ್ ಡ್ರಮ್ಮಿನ ಹಲಗೆ;
ಉರುಳಿಸುವ ದಿಕ್ಕಿನ ಬಾಣದ ಗುರುತು ಇನ್ನೂ ಇದೆ,
ಒಳಗಿನಿಂದ ಹೊರಕ್ಕೆ.
ಟವೆಲ್ಲು ನೇತುಹಾಕಲು ಮೂರು ಪಿಂಗಾಣಿ ಇನ್ಸುಲೇಟರು.
"ಸರ್ಕಾರದ ಸಾಮಾನಲ್ಲೇ ಸನ್ಯಾಸಿ ಆಗ್ತೀಯಾ?"
ನಕ್ಕಳು ಕ್ಯಾಸಮ್ಮ, ಕೆಮ್ಮಣ್ಣು ತುಳಿಯುತ್ತ.
ಆಕೆ ದುರ್ಗದಲ್ಲೇ ಇರುತ್ತಾಳೆ, ಫ್ಯಾನಿನ ಕೆಳಗೆ;
ಸೀರಿಯಲ್ ಇಲ್ಲದ ಭಾನುವಾರ ಬುತ್ತಿ ಹಿಡಿದು ಬರುತ್ತಾಳೆ.

ಸಂಜೆ, ಎದುರಿನ ಗುಡ್ಡದ ನೆತ್ತಿಯ ಉದ್ದಕ್ಕೂ
ಗಾಳಿಯಂತ್ರಗಳು.
ಇಲ್ಲಿಯ ಗಾಳಿ ಕಡೆದು
ಬೆಣ್ಣೆ ಎಲ್ಲಿಗೋ ಕಳಿಸುತ್ತವೆ.
ನನ್ನ ಪಾಲಿಗೆ ಕಡೆಗೋಲಿನ ಸದ್ದು ಮಾತ್ರ.
ಬುಡ್ಡಿ ಹಚ್ಚುತ್ತೇನೆ, ಆರಿಸುತ್ತೇನೆ.
ಆರಿಸಿದರೆ ಆರುತ್ತದೆ.

ಕಂಬ ಹತ್ತುವ ಮುಂಚೆ ಅಪ್ಪಣೆ ಬೇಕು,
ಎಲ್.ಸಿ. ಅನ್ನುತ್ತೇವೆ.
ಸ್ಟೇಷನ್ನಿಗೆ ಫೋನು, ಹೊತ್ತು, ನಂಬರು, ಆಮೇಲೆ ಹೆಜ್ಜೆ.
ಕೊಟ್ರೇಶಿ ಎಲ್ಲ ತಗೊಂಡಿದ್ದ.
ಇಳಿಸಿದಾಗ ಅಂಗಿ ಜೇಬಿನಲ್ಲೇ ಇತ್ತು ಚೀಟಿ,
ಸುಟ್ಟಿರಲಿಲ್ಲ.
ಹನ್ನೊಂದು ಮೂವತ್ತೈದು, ಲೈನ್ ಕ್ಲಿಯರ್,
ನೀಲಿ ಇಂಕಿನಲ್ಲಿ ಅವನದೇ ದುಂಡನೆಯ ಅಕ್ಷರ.
ಕೆಳಗೆ ಹಗ್ಗ ಹಿಡಿದವನು ನಾನು.

ಕೇಳಿದವರಿಗೆ ಬೇರೆ ಹೇಳುತ್ತೇನೆ:
ತಣ್ಣಗಿರ್ತದೆ, ಬಿಲ್ಲಿನ ಕಾಟ ಇಲ್ಲ,
ಸೊಳ್ಳೆ ಕಮ್ಮಿ (ಸುಳ್ಳು).
ಇಲ್ಲಿ ಯಾವ ಗೋಡೆಯನ್ನಾದರೂ
ಯಾರನ್ನೂ ಕೇಳದೆ ಮುಟ್ಟಬಹುದು, ಒದ್ದೆ ಕೈಯಲ್ಲೂ.

ಆದರೂ ದಿನಾ ಬೆಳಿಗ್ಗೆ
ಅಗುಳಿ ತೆಗೆಯುವ ಮುಂಚೆ ಅಂಗೈ ತಾನೇ ಮಗುಚುತ್ತದೆ.
ಹಿಂಗೈ ತಾಗಿಸುತ್ತೇನೆ, ಹಳೇ ಅಭ್ಯಾಸ,
ಒಂದು ಗಳಿಗೆ ನಿಲ್ಲುತ್ತೇನೆ.
ಬರೀ ಕಬ್ಬಿಣ, ಇಬ್ಬನಿಗೆ ತಣ್ಣಗಾದದ್ದು.

ಆಮೇಲೆ ತೆಗೆಯುತ್ತೇನೆ.